ಮರಳಿಗೊಂದು ಕೈಗಾಡಿ: ಮೂರು ಮಕ್ಕಳು, ಒಂದು ಸೋಮವಾರ, ತಣ್ಣೀರುಬಾವಿ

ದೊಡ್ಡವರು ಇಬ್ಬರು, ಮಕ್ಕಳು ಮೂವರು. ದೊಡ್ಡವಳಿಗೆ ಏಳು ವರ್ಷ, ನಡುವಿನವನಿಗೆ ನಾಲ್ಕು, ಚಿಕ್ಕವಳಿಗೆ ಇನ್ನೂ ಎರಡು ತುಂಬಿಲ್ಲ. ಸಮುದ್ರಕ್ಕೆ ಹೋಗುವ ಲೆಕ್ಕ ಶುರುವಾಗುವುದೇ ಇಲ್ಲಿಂದ. ಸಾಮಾನು ಎರಡು ಸುತ್ತಿನಷ್ಟಿದ್ದರೆ ಒಬ್ಬರು ಅರ್ಧ ದಾರಿಗೆ ವಾಪಸ್ ಹೋಗಬೇಕು. ಆಗ ನೀರಿನ ಹತ್ತಿರ ಒಬ್ಬರೇ ದೊಡ್ಡವರು, ಮೂರು ದಿಕ್ಕಿಗೆ ಓಡುವ ಮೂರು ಮಕ್ಕಳು. ಅದು ಆಗುವ ಮಾತಲ್ಲ. ಹಾಗಾಗಿ ಸಾಮಾನು ಎಳೆಯಲು ನಾನೇ ಮಾಡಿದ ಈ ಕೈಗಾಡಿಗೆ ಹಾಕಿಕೊಂಡ ಷರತ್ತು ಇಷ್ಟೇ: ಎಲ್ಲ ಸಾಮಾನು ಒಂದೇ ಸುತ್ತಿಗೆ ಹೋಗಬೇಕು, ಎಳೆಯುವುದಕ್ಕೆ ಒಬ್ಬರು ಸಾಕಾಗಬೇಕು, ಇನ್ನೊಬ್ಬರ ಎರಡೂ ಕೈ ಖಾಲಿ ಇರಬೇಕು.

ನಾವು ಗದಗ-ಬೆಟಗೇರಿ ಕಡೆಯವರು. ಮಂಗಳೂರಿನಲ್ಲಿ ನಾನು ಮಿಷನ್ ಹಾಸ್ಟೆಲ್ ಒಂದರ ವಾರ್ಡನ್, ಜೊತೆಗೆ ಸಭೆಯ ಸುವಾರ್ತೆ ಕೆಲಸವೂ ಇದೆ. ಸಂಡೇ ಸ್ಕೂಲು, ಹೆಂಗಸರ ಕೂಟ ನನ್ನ ಹೆಂಡತಿಯ ಜವಾಬ್ದಾರಿ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದರು. ಅಲ್ಲಿಂದ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಘಟ್ಟ ಹತ್ತಿ ಹೋಯಿತು. ನಾವು ಅದೇ ದಾರಿಯಲ್ಲಿ ಉಲ್ಟಾ ಇಳಿದು ಬಂದವರು. ಕರಿಮಣ್ಣಿನ ಊರಿನ ಮಕ್ಕಳಿಗೆ ಮನೆಯಿಂದ ಆಟೋ ದೂರದಲ್ಲಿ ಸಮುದ್ರ ಸಿಕ್ಕಿದೆ. ಆದರೆ ಹೋಗುವುದಕ್ಕೆ ದಿನವೇ ಸಿಗುವುದಿಲ್ಲ. ಊರಿಗೆಲ್ಲ ರಜೆ ಇರುವ ಭಾನುವಾರ ನಮಗೆ ಕೈತುಂಬ ಕೆಲಸ. ನಮಗೆ ಬಿಡುವಿರುವ ಸೋಮವಾರ ಮಕ್ಕಳಿಗೆ ಶಾಲೆ. ಎರಡೂ ಕೂಡಿ ಬರುವುದು ಕ್ರಿಸ್ಮಸ್ ರಜೆಯಲ್ಲಿ. ಹಾಸ್ಟೆಲ್ ಹುಡುಗರು ಊರಿಗೆ ಹೋಗಿರುತ್ತಾರೆ, ಕ್ಯಾರಲ್ ತಿರುಗಾಟ ಮುಗಿದಿರುತ್ತದೆ. ಸಮುದ್ರವೂ ಆಗ ಶಾಂತ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕಡಲಿಗೆ ಮಕ್ಕಳನ್ನು ಇಳಿಸುವ ಯೋಚನೆಯೇ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಯವರಿಗೇ ಮೀನುಗಾರಿಕೆ ನಿಷೇಧ ಇರುತ್ತದೆ.

ಜಾಗ ತಣ್ಣೀರುಬಾವಿ ಬೀಚ್ ಅಂತ ತೀರ್ಮಾನ ಆಯಿತು. ಪಣಂಬೂರಿಗೆ ರಸ್ತೆಯಲ್ಲಿ ಸೀದಾ ಹೋಗಬಹುದು, ಆದರೆ ಜನ ಜಾಸ್ತಿ. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ಹೊಳೆ ದಾಟಿದರೆ ಆಯಿತು. ಮಕ್ಕಳಿಗೆ ಅರ್ಧ ಸಂಭ್ರಮ ಆ ದೋಣಿಯದೇ. ದಡದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಇದೆ, ಹತ್ತಿ ಇಳಿಯುವುದಕ್ಕೆ ಚೆನ್ನಾಗಿದೆ. ಆಚೆ ದಡದಲ್ಲಿ ಇಳಿದು ಗಾಳಿಮರಗಳ ನಡುವೆ ಸ್ವಲ್ಪ ನಡೆದರೆ ಸಮುದ್ರ.

ಗಾಡಿ ಮಾಡುವವನಿಗೆ ಮಾತ್ರ ಈ ದಾರಿ ತಲೆನೋವು. ಮೊದಲು ಆಟೋದಲ್ಲಿ ಹಿಡಿಸಬೇಕು. ಆಮೇಲೆ ದೋಣಿ ಹತ್ತಬೇಕು. ಆಮೇಲೆ ಗಟ್ಟಿ ನೆಲ, ಕೊನೆಗೆ ಸಡಿಲ ಮರಳು. ಆಟೋದ ಹಿಂದಿನ ಸೀಟಿನ ಮುಂದೆ, ನಮ್ಮ ಮೊಣಕಾಲಿಗೆ ತಾಗುವ ಹಾಗೆ ಅಡ್ಡ ನಿಲ್ಲಿಸಿದರೆ 90 ಸೆಂಟಿಮೀಟರ್ ಉದ್ದದ ಹಲಗೆ ಆರಾಮಾಗಿ ನಿಲ್ಲುತ್ತದೆ. ಆ 90ನ್ನೇ ಹಿಡಿದುಕೊಂಡೆ. ಗಾಡಿಯ ಹಾಸು 90, ನೆರಳಿನ ಕೋಲಿನ ಒಂದೊಂದು ತುಂಡೂ 90. ಚಕ್ರ ಬಿಚ್ಚಿ ಹಾಕುವ ಹಾಗಿರಬೇಕು, ಅದೂ ಸ್ಪ್ಯಾನರ್ ಇಲ್ಲದೆ.

ಚಕ್ರ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಮಿಕ್ಕಿದ್ದನ್ನು ಹೇಗೆ ಮಾಡಿದರೂ ನಡೆಯುತ್ತದೆ.

ಸಣ್ಣ ಟ್ರಾಲಿ ಚಕ್ರ, ಹಳೆಯ ಸೈಕಲ್ ಚಕ್ರ ಯಾವುದೂ ಸಡಿಲ ಮರಳಿನಲ್ಲಿ ಉರುಳುವುದಿಲ್ಲ, ಉಳುತ್ತಾ ಹೋಗುತ್ತದೆ. ನಮ್ಮ ಕಡೆ ಚಕ್ಕಡಿ ನೋಡಿದವರಿಗೆ ಇದು ಗೊತ್ತು. ಕಬ್ಬಿಣದ ಪಟ್ಟಿಯ ಕಿರಿದಾದ ಗಾಲಿ ಒಣಗಿದ ಎರಿಭೂಮಿಯಲ್ಲಿ ಓಡುತ್ತದೆ, ಒಂದು ಮಳೆ ಬಿದ್ದರೆ ಗುಂಬದ (ಅಚ್ಚು ತೂರುವ ಗಾಲಿಯ ನಡುಭಾಗದ) ತನಕ ಹೂತುಕೊಳ್ಳುತ್ತದೆ. ಭಾರ ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ಜಾಗದ ಮೇಲೆ ಹರಡಿದೆ ಅನ್ನುವುದು ಮುಖ್ಯ.

ಬೀಚಿಗೆಂದೇ ಬರುವ ದಪ್ಪ ಬಲೂನ್ ಚಕ್ರಗಳು ಹೊರದೇಶದಿಂದ ತರಿಸಬೇಕು, ಬೆಲೆ ಕೇಳಿದರೆ ಪ್ರವಾಸವೇ ಬೇಡ ಅನ್ನಿಸುತ್ತದೆ. ಊರ ತುಂಬ ಆಟೋಗಳಿವೆಯಲ್ಲ, ಅವುಗಳ ಚಕ್ರವೇ ಸಾಕು ಅಂತ ಗುಜರಿ ಅಂಗಡಿಗೆ ಹೋದೆ. ಆಟೋ ಟೈರಿನ ಅಳತೆ 4.00-8. ಅಂದರೆ ಅಗಲ ನಾಲ್ಕು ಇಂಚು, ರಿಮ್ ಎಂಟು ಇಂಚು, ಹೊರಸುತ್ತಿನ ವ್ಯಾಸ ಸುಮಾರು 40 ಸೆಂಟಿಮೀಟರ್. ಗುಜರಿಯವರು ಸ್ವಲ್ಪ ಹೊಸದರಂತೆ ಕಾಣುವ ಟೈರು ತೆಗೆದು ಇಟ್ಟರು. ನಾನು ಪೂರ್ತಿ ಸವೆದದ್ದನ್ನೇ ಕೇಳಿದಾಗ ಅವರಿಗೆ ವಿಚಿತ್ರ ಅನ್ನಿಸಿತು. ಮರಳಿಗೆ ಸವೆದ ಟೈರೇ ಒಳ್ಳೆಯದು. ಹಲ್ಲು ಇದ್ದರೆ ಮರಳನ್ನು ಅಗೆಯುತ್ತದೆ. ನುಣ್ಣಗಾಗಿದ್ದರೆ ಮೇಲೆ ತೇಲುತ್ತದೆ. ಮೇಲಿನ ರಬ್ಬರ್ ತೆಳುವಾದಷ್ಟೂ ಟೈರು ಸುಲಭವಾಗಿ ಚಪ್ಪಟೆಯಾಗುತ್ತದೆ. ಬದಿಯಲ್ಲಿ ಬಿರುಕು, ಒಳಗೆ ದಾರ ಕಿತ್ತಿರುವುದು ಇರಬಾರದು, ಅಷ್ಟೇ ನೋಡಿಕೊಂಡೆ.

ಈಗ ಗಾಳಿಯ ಲೆಕ್ಕ. ಗಾಡಿ 24 ಕೆಜಿ. ನೀರು 20 ಲೀಟರ್, ಅಂದರೆ 20 ಕೆಜಿ. ನೆರಳಿನ ಬಲೆ, ಕೋಲು, ಹಗ್ಗ 6. ಊಟ, ಚಾಪೆ, ಬಟ್ಟೆ 8. ಚಿಕ್ಕವಳು 11 ಕೆಜಿ. ಒಟ್ಟು 70ರ ಹತ್ತಿರ. ಈ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ ಸಿಗುತ್ತದೆ. ಟೈರಿನಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ಎರಡೂ ಚಕ್ರ ಸೇರಿ ನೆಲ ಮುಟ್ಟುವ ಜಾಗ ಸುಮಾರು 33 ಚದರ ಸೆಂಟಿಮೀಟರ್. ಅದೇ 8 ಪಿಎಸ್‌ಐಗೆ ಇಳಿಸಿದರೆ 125 ಆಗುತ್ತದೆ. ಟೈರಿನ ಗೋಡೆಯೇ ಒಂದಿಷ್ಟು ಭಾರ ಹೊರುವುದರಿಂದ ಇದು ಕಾಗದದ ಲೆಕ್ಕ. ಆದರೂ ದಾರಿ ತೋರಿಸುತ್ತದೆ. 8 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ. ಮರಳಿನ ಮೇಲೆ ನಡೆಯುವ ಮನುಷ್ಯನ ಪಾದದ ಒತ್ತಡಕ್ಕೆ ಇದು ಹತ್ತಿರ. ಎಲ್ಲಿ ನಡೆಯಲು ಆಗುತ್ತದೋ ಅಲ್ಲಿ ಗಾಡಿಯೂ ಬರುತ್ತದೆ ಅಂತ ಧೈರ್ಯ ಬಂತು. ಇಷ್ಟು ಕಡಿಮೆ ಗಾಳಿಯಲ್ಲಿ ಎಂಜಿನ್ ಗಾಡಿ ಓಡಿಸಿದರೆ ಟ್ಯೂಬ್ ಜಾರಿ ವಾಲ್ವ್ ಕಿತ್ತು ಬರುತ್ತದೆ. ಇಲ್ಲಿ ಚಕ್ರವನ್ನು ತಿರುಗಿಸುವ ಎಂಜಿನ್ ಇಲ್ಲ, ಎಳೆಯುವುದಷ್ಟೇ. ಆ ಭಯ ಇಲ್ಲ.

ರಿಮ್ ಬಗ್ಗೆ ಒಂದು ಎಚ್ಚರಿಕೆ. ಆಟೋ ರಿಮ್ ಎರಡು ಹೋಳು, ನಟ್-ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಟೈರಿನಲ್ಲಿ ಗಾಳಿ ಇರುವಾಗ ಆ ಹೋಳುಗಳ ನಟ್ ಬಿಚ್ಚಿದರೆ ರಿಮ್ ಎರಡಾಗಿ ಸಿಡಿಯುತ್ತದೆ. ಕೈ ಮುಖ ಉಳಿಯುವುದಿಲ್ಲ. ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟು, ಟೈರನ್ನು ಕಾಲಲ್ಲಿ ಒತ್ತಿ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ತುಕ್ಕು ಉಜ್ಜುವುದಕ್ಕೆ ನಾನು ಎರಡೂ ಹೋಳು ಬಿಚ್ಚಿದೆ. ವೈರ್ ಬ್ರಷ್, ಝಿಂಕ್ ಪ್ರೈಮರ್, ಮೇಲೆ ಎರಡು ಕೈ ಎನಾಮೆಲ್. ಒಳಮುಖಕ್ಕೂ ಬಣ್ಣ ಹೊಡೆಯಲೇಬೇಕು. ಟ್ಯೂಬ್ ಕೂರುವ ಜಾಗದಲ್ಲಿ ತುಕ್ಕಿನ ಹಕ್ಕಳೆ ಇದ್ದರೆ ಟ್ಯೂಬ್ ಉಜ್ಜಿ ಉಜ್ಜಿ ತೂತಾಗುತ್ತದೆ.

ಗುಂಬ ಮತ್ತು ಅಚ್ಚು

ವೆಲ್ಡಿಂಗ್ ಶಾಪಿನವರು ಚಕ್ರ ನೋಡಿದವರೇ, "ಎರಡು ಬೇರಿಂಗ್ ಹಾಕಿ ಬಿಡುವ ಸರ್, ಬೆಣ್ಣೆ ಹಾಗೆ ತಿರುಗ್ತದೆ" ಅಂದರು. ರಸ್ತೆಗಾದರೆ ಹೌದು. ಸಮುದ್ರಕ್ಕೆ ಬಾಲ್ ಬೇರಿಂಗ್ ತಗೊಂಡು ಹೋದರೆ ಉಪ್ಪುನೀರು ಒಳಗೆ ಹೋಗುತ್ತದೆ, ಸೀಲ್ ಇದ್ದರೂ ಒಂದಲ್ಲ ಒಂದು ದಿನ ಹೋಗುತ್ತದೆ. ಗುಂಡು ತುಕ್ಕು ಹಿಡಿದರೆ ಮುಗಿಯಿತು. ವರ್ಷಕ್ಕೆ ಕೆಲವೇ ಸಲ ಹೊರಗೆ ಬರುವ ಗಾಡಿಗೆ ಇದು ಇನ್ನೂ ಕೆಟ್ಟದ್ದು, ಮೂಲೆಯಲ್ಲಿ ನಿಂತೇ ಜಾಮ್ ಆಗುತ್ತದೆ. ನಡೆದುಕೊಂಡು ಎಳೆಯುವ ವೇಗಕ್ಕೆ ಪ್ಲಾಸ್ಟಿಕ್ ಬುಷ್, ಅಂದರೆ ಅಚ್ಚಿನ ಸುತ್ತ ಕೂರುವ ಕೊಳವೆ, ಧಾರಾಳ ಸಾಕು.

ಹೀಗೆ ಮಾಡಿದೆವು. ಒಂದೂವರೆ ಇಂಚಿನ ಕಬ್ಬಿಣದ ಪೈಪು, 12 ಸೆಂಟಿಮೀಟರ್ ಉದ್ದದ ಎರಡು ತುಂಡು. ಇದೇ ಗುಂಬ. ಅದಕ್ಕೆ 5 ಮಿಲಿಮೀಟರ್ ದಪ್ಪದ ತಗಡಿನ ಬಿಲ್ಲೆ ವೆಲ್ಡ್ ಮಾಡಿ, ರಿಮ್ಮಿನ ತೂತುಗಳಿಗೆ ಹೊಂದುವ ಹಾಗೆ ಬಿಲ್ಲೆಯಲ್ಲಿ ತೂತು ಕೊರೆದು ಬೋಲ್ಟ್ ಹಾಕುವುದು. ಜಿಐ ಪೈಪು ಬೇಡ ಅಂದೆ. ಅದರ ಮೇಲಿನ ಸತು ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಕಪ್ಪು ಪೈಪಿಗೇ ವೆಲ್ಡ್ ಮಾಡಿ ಆಮೇಲೆ ಬಣ್ಣ ಹೊಡೆಯುವುದು ಒಳ್ಳೆಯದು.

ಪೈಪಿನ ಒಳ ವ್ಯಾಸ 42 ಮಿಲಿಮೀಟರಿನ ಹತ್ತಿರ. ಲೇತ್ ಅಂಗಡಿಯಲ್ಲಿ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ರಾಡಿನಿಂದ ಅದಕ್ಕೆ ಬಿಗಿಯಾಗಿ ಕೂರುವ ಬುಷ್ ಕಡೆಸಿದೆ, ಗುಂಬಕ್ಕೆ ಎರಡರಂತೆ. ನೈಲಾನ್ ಕೂಡ ಇತ್ತು. ಆದರೆ ನೈಲಾನ್ ನೀರು ಕುಡಿದು ಸ್ವಲ್ಪ ಊದುತ್ತದೆ. ಒಣಗಿದಾಗ ಸರಿ ಇದ್ದ ಚಕ್ರ ಒದ್ದೆಯಾದ ಮೇಲೆ ಅಚ್ಚನ್ನು ಕಚ್ಚಿಕೊಳ್ಳಬಹುದು. ಎಚ್‌ಡಿಪಿಇ ನೀರು ಕುಡಿಯುವುದಿಲ್ಲ. ಅಚ್ಚು 20 ಮಿಲಿಮೀಟರ್ ಸ್ಟೀಲ್ ರಾಡು, 304 ದರ್ಜೆ. ಉಪ್ಪುನೀರಿಗೆ 316 ಇನ್ನೂ ಒಳ್ಳೆಯದು, ಬೆಲೆಯೂ ಹಾಗೇ ಇದೆ. ಸಿಹಿನೀರಿನಲ್ಲಿ ತೊಳೆದಿಡುವ ಅಭ್ಯಾಸ ಇದ್ದರೆ 304 ನಡೆಯುತ್ತದೆ. ಬುಷ್ ತೂತು 20.5. ಅರ್ಧ ಮಿಲಿಮೀಟರ್ ಸಡಿಲ ಬೇಕೇ ಬೇಕು, ಮರಳಿನ ಕಣ ಒಳಗೆ ಹೋದರೆ ಹೊರಗೆ ಬರಲು ದಾರಿ ಇರಬೇಕಲ್ಲ. ಗ್ರೀಸ್ ಹಚ್ಚಲೇಬಾರದು. ಗ್ರೀಸಿಗೆ ಮರಳು ಅಂಟಿದರೆ ಅದು ವಾಲ್ವ್ ಉಜ್ಜುವ ಪೇಸ್ಟಿನ ಕೆಲಸ ಮಾಡಿ ಅಚ್ಚನ್ನೇ ತಿನ್ನುತ್ತದೆ.

ಅಚ್ಚಿನ ತುದಿಯಲ್ಲಿ ತೂತು ಹೊಡೆದು ಕಡಾಣಿ ಹಾಕಿದೆ. ಅಂಗಡಿಯಲ್ಲಿ ಆರ್ ಪಿನ್ ಅಂತ ಸಿಗುತ್ತದೆ, ಬೆರಳಲ್ಲೇ ಎಳೆದರೆ ಬರುತ್ತದೆ. ಚಕ್ರ ಬಿಚ್ಚುವುದು, ಹಾಕುವುದು ದೊಡ್ಡವಳ ಕೆಲಸ ಅಂತ ಆಯಿತು. ಪಿನ್ನಿಗೆ ಸಣ್ಣ ದಾರ ಕಟ್ಟಿ ಗಾಡಿಗೇ ಬಿಗಿದೆ. ಮರಳಿನಲ್ಲಿ ಬಿದ್ದ ಪಿನ್ ಹುಡುಕುತ್ತಾ ಕೂತರೆ ಮಕ್ಕಳನ್ನು ನೋಡುವವರು ಯಾರು?

ಚೌಕಟ್ಟು

ಇದು ಬೇಗ ಮುಗಿಯಿತು. ಒಂದು ಇಂಚಿನ ಸ್ಕ್ವೇರ್ ಪೈಪು, 90 ಉದ್ದ, 50 ಅಗಲ, ನಡುವೆ ಎರಡು ಅಡ್ಡಪಟ್ಟಿ. ಪೈಪಿನ ತೆರೆದ ಬಾಯಿಗಳನ್ನೆಲ್ಲ ತಗಡು ಹಾಕಿ ಪೂರ್ತಿ ಮುಚ್ಚಿಸಿದೆ. ತೆರೆದು ಬಿಟ್ಟರೆ ಉಪ್ಪುನೀರು ಒಳಗೆ ಕೂತು, ಹೊರಗಿನ ಬಣ್ಣ ಥಳಥಳ ಅನ್ನುವಾಗಲೇ ಒಳಗಿನಿಂದ ತಿಂದು ಹಾಕುತ್ತದೆ.

ಗಾಡಿಯ ಹಾಸು ಅಡಿಕೆ ದಬ್ಬೆಯದು, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿಗಳದು. ಸಭೆಯ ಹಿರಿಯರೊಬ್ಬರ ತೋಟದಲ್ಲಿ ಬಿದ್ದ ಮರದ್ದು. ಮೇಲಿನ ಗಟ್ಟಿ ಭಾಗ ಮಾತ್ರ ಇಟ್ಟುಕೊಂಡು ಒಳಗಿನ ನಾರು ಕೆತ್ತಿ ತೆಗೆದೆ. ದಬ್ಬೆಯ ನಡುವೆ ಬೆರಳು ತೂರದಷ್ಟು ಸಂದು ಬಿಟ್ಟೆ. ಮರಳು ಕೆಳಗೆ ಉದುರಬೇಕು, ಕೂಸಿನ ಬೆರಳು ಸಿಕ್ಕಿಕೊಳ್ಳಬಾರದು. ಅಡಿಕೆ ಸಿಬಿರು ಚುಚ್ಚಿದರೆ ಬಹಳ ನೋವು, ಕೀವೂ ಆಗುತ್ತದೆ. ಹಾಗಾಗಿ ಅಂಚುಗಳನ್ನು ಎಮರಿ ಕಾಗದದಲ್ಲಿ ತಾಳ್ಮೆಯಿಂದ ಉಜ್ಜಿ, ಮೇಲೆ ವಾರ್ನಿಶ್ ಕೊಟ್ಟೆ. ಸುತ್ತ 20 ಸೆಂಟಿಮೀಟರ್ ಎತ್ತರದ ಕಟಾಂಜನ, ಹಿಂದುಗಡೆ ಮಾತ್ರ ತೆಗೆದು ಹಾಕುವಂಥದ್ದು.

ಅಚ್ಚು ಎಲ್ಲಿ ಬರಬೇಕು ಅನ್ನುವುದನ್ನು ಭಾರ ಇಟ್ಟೇ ತೀರ್ಮಾನ ಮಾಡಬೇಕು. ಚೌಕಟ್ಟನ್ನು ಒಂದು ಪೈಪಿನ ಮೇಲೆ ಇಟ್ಟು, ನೀರಿನ ಕ್ಯಾನು, ಚೀಲ ಎಲ್ಲ ಜೋಡಿಸಿ, ಮಗುವಿನ ಜಾಗದಲ್ಲಿ 10 ಕೆಜಿ ಅಕ್ಕಿ ಚೀಲ ಇಟ್ಟು ತೂಗಿದೆ. ಹಿಡಿಕೆಯ ಮೇಲೆ ಮೂರು ನಾಲ್ಕು ಕೆಜಿ ಭಾರ ಉಳಿಯುವ ಹಾಗೆ ಅಚ್ಚನ್ನು ನಡುವಿನಿಂದ ಸ್ವಲ್ಪ ಹಿಂದಕ್ಕೆ ಹಾಕಿಸಿದೆ. ಭಾರ ಹಿಂದಕ್ಕೆ ವಾಲಿದರೆ ಹಿಡಿಕೆ ಮೇಲಕ್ಕೆ ಎದ್ದು ಮಗು ಹಿಂದಕ್ಕೆ ಮಗುಚುತ್ತದೆ. ಜಾಸ್ತಿ ಮುಂದಕ್ಕೆ ಬಂದರೆ ಎಳೆಯುವವನ ಸೊಂಟ ಹೋಗುತ್ತದೆ. ಹಿಡಿಕೆ ಉದ್ದ 110. ಅದಕ್ಕಿಂತ ಗಿಡ್ಡವಾದರೆ ಗಾಡಿ ಹಿಮ್ಮಡಿಗೆ ಬಡಿಯುತ್ತಾ ಬರುತ್ತದೆ. ಆಟೋದಲ್ಲಿ ಹಿಡಿಸಲು ಅದನ್ನು ನಡುವೆ ಮಡಚುವ ಹಾಗೆ ಬೋಲ್ಟ್ ಹಾಕಿದೆ. ಮುಂದೆ ನಿಲ್ಲಿಸುವ ಎರಡು ಕಾಲಿನ ತುದಿಗೆ ಅಂಗೈ ಅಗಲದ ತಗಡು ಬೇಕು, ಬರೀ ಪೈಪು ಆದರೆ ಮರಳಿಗೆ ಮೊಳೆ ಹೊಡೆದ ಹಾಗೆ ಇಳಿಯುತ್ತದೆ.

ಮನೆಯಂಗಳದಲ್ಲಿ ಎಳೆದು ತೋರಿಸಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ರೀ, ಗಾಡಿ ಏನೋ ಚಂದ ಆಗೇತಿ. ಆದ್ರ ಮಧ್ಯಾಹ್ನ ಕೂಸು ಎಲ್ಲಿ ಮಲಗಬೇಕು?" ಅದಕ್ಕೂ ಗಾಡಿಯೇ ಉತ್ತರ ಕೊಡಬೇಕಾಯಿತು. ಕಟಾಂಜನದ ಒಳಗೆ ಅಳತೆಗೆ ಸರಿಯಾಗಿ ಹತ್ತಿಯ ಹಾಸಿಗೆ ಹೊಲಿದಳು, ಹೊದಿಕೆಗೆ ಊರಿನಿಂದ ತಂದ ಬೆಟಗೇರಿ ಕೈಮಗ್ಗದ ಬಟ್ಟೆ. ಸಾಮಾನು ಇಳಿಸಿದ ಮೇಲೆ ಗಾಡಿಯೇ ತೊಟ್ಟಿಲು.

ನೆರಳು

ದೊಡ್ಡ ಬೀಚ್ ಕೊಡೆ ಬೇಡ ಅಂತ ಮೊದಲೇ ಬಿಟ್ಟೆ. ಗಾಳಿಗೆ ಕಿತ್ತು ಹಾರಿದರೆ ಅದರ ಕಡ್ಡಿ ಈಟಿಯೇ. ತಾಡಪಾಲೂ ಬೇಡ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ 9 ಚದರ ಮೀಟರ್ ತಾಡಪಾಲಿಗೆ ನೇರ ಬಡಿದರೆ 40 ಕೆಜಿ ಹತ್ತಿರದ ತಳ್ಳು. ಗಾಳಿ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟು. ಹಾಗಾಗಿ ಗಾಳಿ ತೂರಿ ಹೋಗುವಂಥದ್ದೇ ಬೇಕು. ಅಡಿಕೆ ಸಸಿಮಡಿಗೆ ಕಟ್ಟುವ ಹಸಿರು ಶೇಡ್ ನೆಟ್ ಇಲ್ಲಿ ಯಾವ ಕೃಷಿ ಅಂಗಡಿಯಲ್ಲೂ ಸಿಗುತ್ತದೆ. 75 ಪರ್ಸೆಂಟ್ ನೆರಳಿನದು, ಮೂರು ಮೀಟರ್ ಅಗಲ, ಮೂರು ಮೀಟರ್ ಉದ್ದ ಕತ್ತರಿಸಿ ತಂದೆ. ದರ್ಜಿ ಅಂಚಿಗೆ ಶಾಲೆ ಬ್ಯಾಗಿನ ಪಟ್ಟಿ ಹೊಲಿದು, ನಾಲ್ಕು ಮೂಲೆಗೆ ಹಿತ್ತಾಳೆ ಕಣ್ಣು ಹಾಕಿಕೊಟ್ಟರು. ಬಲೆ ಪೂರ್ತಿ ಬಿಸಿಲು ತಡೆಯುವುದಿಲ್ಲ ಅನ್ನುವುದು ನೆನಪಿರಬೇಕು. ಮಕ್ಕಳಿಗೆ ತುಂಬು ತೋಳಿನ ಬಟ್ಟೆ, ಟೋಪಿ ಇರಲೇಬೇಕು. ತೊಟ್ಟಿಲ ಮೇಲೆ ಮಾತ್ರ ಒಂದು ಗೇಣು ಸಂದು ಬಿಟ್ಟು ಹಳೆಯ ಕಾಟನ್ ಸೀರೆಯ ಎರಡನೇ ಪದರ ಕಟ್ಟುತ್ತೇವೆ.

ಕೋಲಿಗೆ ಬಿದಿರು, 90 ಸೆಂಟಿಮೀಟರಿನ ಆರು ತುಂಡು. ಎರಡು ತುಂಡು ಒಂಟಿಯಾಗಿ ಗಿಡ್ಡ ಕೋಲು. ಉಳಿದ ನಾಲ್ಕನ್ನು ಪೈಪಿನ ತೋಳು ಹಾಕಿ ಜೋಡಿಸಿದರೆ 180ರ ಎರಡು ಎತ್ತರದ ಕೋಲು. ಒಂದು ಬದಿ ತಗ್ಗು, ಒಂದು ಬದಿ ಎತ್ತರ.

ಈ ಓರೆ ಯಾಕೆ ಅಂದರೆ, ಕರಾವಳಿಯಲ್ಲಿ ಬಿಸಿಲು ಮತ್ತು ಗಾಳಿ ಹೆಚ್ಚುಕಡಿಮೆ ಒಟ್ಟಿಗೇ ಮಗ್ಗುಲು ಬದಲಿಸುತ್ತವೆ. ಡಿಸೆಂಬರಿನ ಬೆಳಿಗ್ಗೆ ಸೂರ್ಯ ಪೂರ್ವದ ಕಡೆ, ಗಾಳಿಯೂ ನೆಲದ ಕಡೆಯಿಂದ ಸಮುದ್ರಕ್ಕೆ. ಹೊತ್ತೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬೀಸುತ್ತದೆ, ಮಧ್ಯಾಹ್ನ ಜೋರಾಗುತ್ತದೆ. ಅಷ್ಟರಲ್ಲಿ ಸೂರ್ಯನೂ ಪಶ್ಚಿಮಕ್ಕೆ ವಾಲಿರುತ್ತಾನೆ. ತಗ್ಗಿನ ಬದಿ ಯಾವಾಗಲೂ ಗಾಳಿ ಬರುವ ಕಡೆಗೆ ಇದ್ದರೆ ಗಾಳಿ ಬಲೆಯನ್ನು ಎತ್ತುವ ಬದಲು ಕೆಳಗೆ ಒತ್ತುತ್ತದೆ. ಬಿಸಿಲಿಗೂ ಅದೇ ಬದಿ ತಗ್ಗಿರಬೇಕು. ಹಾಗಾಗಿ ಬೆಳಿಗ್ಗೆ ಪೂರ್ವ ತಗ್ಗು, ಸಮುದ್ರಗಾಳಿ ಶುರುವಾದ ಮೇಲೆ ಕೋಲು ಅದಲು ಬದಲು ಮಾಡಿ ಪಶ್ಚಿಮ ತಗ್ಗು. ಗೂಟ ಕೀಳಬೇಕಿಲ್ಲ, ಹಗ್ಗ ಬಿಗಿ ಮಾಡಿದರೆ ಸಾಕು.

ಪಶ್ಚಿಮ ತಗ್ಗಾದರೆ ನೀರಿನಲ್ಲಿ ಆಡುವ ಮಕ್ಕಳು ಕಾಣುತ್ತಾರಾ ಅನ್ನುವ ಪ್ರಶ್ನೆ ಬರುತ್ತದೆ. ಕಾಣದಿದ್ದರೆ ಈ ನೆರಳೇ ದಂಡ. ಚಾಪೆಯ ಮೇಲೆ ಕೂತ ದೊಡ್ಡವರ ಕಣ್ಣು 75 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಬಲೆಯ ಅಂಚು 90ರಲ್ಲಿ. ಅಡಿಯಿಂದ ನೀರಿನ ತನಕ ನೋಟ ಹೋಗುತ್ತದೆ. ಬಲೆ ಜೋತುಬಿದ್ದರೂ ನೆರಳಿನಲ್ಲಿ ಕೂತು ಬೆಳಕಿನ ಕಡೆ ನೋಡುವವರಿಗೆ ಅದರ ಮೂಲಕವೇ ಆಚೆ ಕಾಣುತ್ತದೆ. ತಾಡಪಾಲು ಬಿಟ್ಟಿದ್ದಕ್ಕೆ ಇದು ಎರಡನೇ ಲಾಭ.

ಮರಳಿಗೆ ಕಬ್ಬಿಣದ ಗೂಟ ನಿಲ್ಲುವುದಿಲ್ಲ. ಬದಲಿಗೆ 10 ಕೆಜಿ ಅಕ್ಕಿಯ ಖಾಲಿ ಚೀಲ ನಾಲ್ಕು. ಅಲ್ಲಿಯ ಮರಳನ್ನೇ ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಮೊಣಕಾಲುದ್ದದ ಗುಂಡಿ ತೋಡಿ ಹೂಳುವುದು. ಹತ್ತು ಲೀಟರ್ ಒಣ ಮರಳೇ 16 ಕೆಜಿ ತೂಗುತ್ತದೆ, ಮೇಲೆ ಮುಚ್ಚಿದ ಹಸಿ ಮರಳಿನ ಭಾರ ಬೇರೆ. ಹೋಗುವಾಗ ಚೀಲಕ್ಕೆ ತೂಕವೇ ಇಲ್ಲ, ಅದು ದೊಡ್ಡ ಅನುಕೂಲ. ಇನ್ನೂ ದೊಡ್ಡ ಅನುಕೂಲ ಅಂದರೆ ಗುಂಡಿ ತೋಡುವುದು ಮಕ್ಕಳಿಗೆ ಕೆಲಸ ಅಂತ ಅನ್ನಿಸುವುದೇ ಇಲ್ಲ. ತೆಂಗಿನ ಗೆರಟೆ ಕೊಟ್ಟು ಕೂರಿಸಿದರೆ ನಾವು ನೆರಳು ಕಟ್ಟುವ ತನಕ ಅಲ್ಲಾಡುವುದಿಲ್ಲ.

ಸಣ್ಣಪುಟ್ಟದ್ದು

ಕಾಲು ತೊಳೆಯುವುದಕ್ಕೆ ಹೂಗಿಡಕ್ಕೆ ನೀರು ಸಿಂಪಡಿಸುವ ಎರಡು ಲೀಟರಿನ ಕೈಪಂಪು. ಹೊಸದೇ ಇರಬೇಕು, ಔಷಧಿ ಹೊಡೆದದ್ದು ಮುಟ್ಟಬಾರದು. ಚೊಂಬಿನಲ್ಲಿ ಸುರಿದರೆ ಒಂದು ಮಗುವಿಗೇ ಖಾಲಿಯಾಗುವ ನೀರು ಇದರಲ್ಲಿ ಮೂವರಿಗೆ ಸಾಕು. ಒಣಗಿದ ಮರಳಿಗೆ ನೀರೇ ಬೇಡ, ಟಾಲ್ಕಮ್ ಪೌಡರ್ ಹಾಕಿ ಉಜ್ಜಿದರೆ ಉದುರುತ್ತದೆ. ಊಟಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರು. ಮಂಡಕ್ಕಿ ಮಾತ್ರ ಒಯ್ಯಬೇಡಿ, ಸಮುದ್ರಗಾಳಿಗೆ ಹಾರಿ ಅರ್ಧ ಕಾಗೆಗಳ ಪಾಲಾಗುತ್ತದೆ.

ಆ ಸೋಮವಾರ

ಆಟೋದವರು ಮಡಚಿದ ಗಾಡಿ ನೋಡಿ, "ಎಂತ ಮಾರಾಯ್ರೆ, ನನ್ನದೇ ಚಕ್ರ ನನ್ನ ಗಾಡಿಯಲ್ಲೇ ತಗೊಂಡು ಹೋಗ್ತೀರಲ್ಲ" ಅಂತ ನಕ್ಕರು. ದೋಣಿಯವರು ಸೈಕಲ್ಲಿಗೆ ಕೊಡುವ ಹಾಗೆ ಇದಕ್ಕೂ ಮೂಲೆಯಲ್ಲಿ ಜಾಗ ಕೊಟ್ಟರು. ದೋಣಿಯಲ್ಲಿ ಗಾಡಿ ಖಾಲಿ ಇರಬೇಕು, ಮಗು ಅಮ್ಮನ ತೊಡೆಯ ಮೇಲೆ ಅನ್ನುವುದು ನಮ್ಮ ನಿಯಮ. ನೀರಿನ ಅಂಚಿನಲ್ಲೂ ಹಾಗೇ, ಮಗು ಒಳಗಿದ್ದಾಗ ಗಾಡಿ ಒದ್ದೆ ಮರಳಿಗೆ ಇಳಿಯುವುದಿಲ್ಲ.

ಆಚೆ ದಡದಲ್ಲಿ ಚಕ್ರ ಹಾಕಿ ಗಾಳಿಮರದ ನೆರಳಿನ ತನಕ ಹಾಗೇ ಎಳೆದೆ. ಮರಳು ಶುರುವಾಗುವಲ್ಲಿ ಗಾಳಿ ಇಳಿಸಿದೆ. ಸೈಕಲ್ ಪಂಪಿನ ಗೇಜು 8 ತೋರಿಸುವ ತನಕ. ಟೈರು ಕೆಳಗೆ ಸ್ವಲ್ಪ ಉಬ್ಬಿತು. ಒಣ ಮರಳಿನಲ್ಲಿ ಎರಡು ಬೆರಳಷ್ಟು ಗುರುತು ಬಿಟ್ಟುಕೊಂಡು ಬಂತು. ಸಲೀಸು ಅಂತ ಹೇಳಲಾರೆ, ಬೆವರು ಬಂತು. ಆದರೆ ಎಲ್ಲೂ ನಿಲ್ಲಲಿಲ್ಲ. ಮುಂದೆ ನನ್ನ ಹೆಂಡತಿ, ಅವಳ ಒಂದೊಂದು ಕೈಯಲ್ಲಿ ಒಂದೊಂದು ಮಗು. ಲೈಫ್‌ಗಾರ್ಡ್ ಇರುವ ಕಡೆಯೇ, ಭರತದ ಗೆರೆಗಿಂತ ಸಾಕಷ್ಟು ಮೇಲೆ ಗಾಡಿ ನಿಲ್ಲಿಸಿದೆವು. ಒಣಗಿದ ಕಸ, ಚಿಪ್ಪುಗಳ ಸಾಲು ಎಲ್ಲಿದೆಯೋ ಅದೇ ಹಿಂದಿನ ಭರತ ಮುಟ್ಟಿದ ಗುರುತು.

ನಡುವಿನವನಿಗೆ ಅಲೆ ಕಂಡರೆ ಮೊದಲು ಹೆದರಿಕೆ. ಅಲೆ ಹಿಂದೆ ಹೋದಾಗ ಅಟ್ಟಿಸಿಕೊಂಡು ಹೋಗುವುದು, ಮುಂದೆ ಬಂದಾಗ ಕಿರುಚುತ್ತಾ ನನ್ನ ಕಾಲು ಹಿಡಿಯುವುದು. ದೊಡ್ಡವಳು ಅಷ್ಟರಲ್ಲೇ ಅವನಿಗೆ ಪಾಠ ಹೇಳುವಷ್ಟು ಪಳಗಿದ್ದಳು. ಅವಳನ್ನು ನೋಡುವಾಗ ಹಳೆಯ ಬಾಸೆಲ್ ಮಿಷನರಿಗಳ ಮಕ್ಕಳು ನೆನಪಾದರು. ಆರೇಳು ವರ್ಷ ಆಗುತ್ತಿದ್ದ ಹಾಗೇ ಅವರನ್ನು ಓದಿಗೆಂದು ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. ಬಾಸೆಲ್‌ನಲ್ಲಿ ಅದಕ್ಕೆಂದೇ ಮಕ್ಕಳ ಮನೆ ಇತ್ತು. ಮತ್ತೆ ಅಪ್ಪ ಅಮ್ಮನನ್ನು ನೋಡುವುದು ಎಷ್ಟೋ ವರ್ಷಕ್ಕೆ. ಅವರ ಸೇವೆಯ ಬಗ್ಗೆ ನನಗೆ ಗೌರವ ಇದೆ. ಈ ಒಂದು ಪದ್ಧತಿಯನ್ನು ಮಾತ್ರ ಒಪ್ಪಿಕೊಳ್ಳಲು ಆಗುವುದಿಲ್ಲ.

ಹನ್ನೊಂದರ ಹೊತ್ತಿಗೆ ಎಲೆ ಅಲ್ಲಾಡದ ಹಾಗೆ ಗಾಳಿ ನಿಂತಿತು. ಆಮೇಲೆ ಸಮುದ್ರದಿಂದ ತಂಪಾಗಿ ಬೀಸಲು ಶುರು. ಕೋಲು ಬದಲಿಸಿದೆವು. ಮಧ್ಯಾಹ್ನ ಗಾಳಿ ಜೋರಾದಾಗ ಪಕ್ಕದವರ ಕೊಡೆ ಎರಡು ಸಲ ಉರುಳಿತು, ನಮ್ಮ ಬಲೆ ಬರೀ ಸುಯ್ಯೆಂದಿತು. ಚೀಲ ಒಂದಿಷ್ಟೂ ಕದಲಲಿಲ್ಲ. ಚಿಕ್ಕವಳು ಗಾಡಿಯಲ್ಲಿ ಗಡದ್ದಾಗಿ ನಿದ್ದೆ ಮಾಡಿದಳು. ನನ್ನ ಹೆಂಡತಿ ಬುತ್ತಿ ಬಿಚ್ಚಿ, ಕೂತುಕೊಂಡೇ, ಬಿಸಿ ಆರುವ ಮುಂಚೆ ಚಹಾ ಕುಡಿದಳು. ಮಕ್ಕಳಿರುವ ಮನೆಯವರಿಗೆ ಇದು ಎಷ್ಟು ಅಪರೂಪ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ.

ಹೊರಡುವಾಗ ನಾಲ್ಕೂ ಗುಂಡಿ ಮುಚ್ಚಿ ಸಮ ಮಾಡಿದೆವು. ಕತ್ತಲಲ್ಲಿ ಯಾರಾದರೂ ಕಾಲು ಹಾಕಿ ಬೀಳಬಾರದು. ಈ ಕರಾವಳಿಗೆ ಚಳಿಗಾಲದಲ್ಲಿ ಮೊಟ್ಟೆ ಇಡಲು ಕಡಲಾಮೆಗಳೂ ಬರುತ್ತವೆ, ಆಳದ ಗುಂಡಿ ಅವಕ್ಕೆ, ಅವುಗಳ ಮರಿಗಳಿಗೆ ಬಲೆಯಾಗುತ್ತದೆ.

ಮನೆಗೆ ಬಂದ ಮೇಲೆ

ಅದೇ ಸಂಜೆ ಚಕ್ರ ಬಿಚ್ಚಿ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒಣಗಿದೆ ಅಂತ ಬಿಟ್ಟರೂ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಬುಷ್ಷಿನಲ್ಲಿ ಮರಳು ಇತ್ತು, ನೀರು ಬಿಟ್ಟ ಕೂಡಲೇ ಹರಿದು ಹೋಯಿತು. ಬುಷ್ಷಿನ ಒಳಗೆ ಸಣ್ಣ ಗೀರು ಬಿದ್ದಿವೆ, ಅಚ್ಚಿನ ಮೇಲೆ ಏನೂ ಇಲ್ಲ. ಸವೆಯಬೇಕಾದದ್ದು ಅಗ್ಗದ ಭಾಗವೇ, ಅದಕ್ಕೇ ಪ್ಲಾಸ್ಟಿಕ್ ಹಾಕಿದ್ದು. ರಿಮ್ಮಿನ ಒಂದು ಬೋಲ್ಟಿನ ತಲೆಯ ಸುತ್ತ ಕಿತ್ತಳೆ ಬಣ್ಣದ ಗೆರೆ ಕಾಣಿಸಿತು. ಸ್ಪ್ಯಾನರ್ ತಿರುಗಿಸುವಾಗ ಬಣ್ಣ ಎದ್ದ ಜಾಗ ಅದು. ಬೋಲ್ಟ್‌ಗಳನ್ನೆಲ್ಲ ಸ್ಟೀಲಿನದಕ್ಕೆ ಬದಲಿಸಬೇಕು.

ಟೈರಿಗೆ ಮತ್ತೆ ಗಾಳಿ ತುಂಬಿಸಿ, ನೆಲಕ್ಕೆ ತಾಗದ ಹಾಗೆ ಗಾಡಿಯನ್ನು ಹಾಸ್ಟೆಲ್ ಶೆಡ್ಡಿನಲ್ಲಿ ಗೋಡೆಗೆ ನೇತು ಹಾಕಿದ್ದೇನೆ. ಸಂಡೇ ಸ್ಕೂಲಿನ ಪಿಕ್ನಿಕ್ಕಿಗೆ ಬೇಕು ಅಂತ ಈಗಾಗಲೇ ಕೇಳಿದ್ದಾರೆ. ಅಷ್ಟರಲ್ಲಿ ಒಂದು ಕೆಲಸ ಬಾಕಿ ಇದೆ. ಮರಳಿನ ಇಳಿಜಾರಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಹಗ್ಗ ಸುತ್ತಿ ಕಟ್ಟಿದ್ದೆ. ದೊಡ್ಡವಳು ಅದನ್ನು ನೋಡಿ, "ಪಪ್ಪಾ, ಇದಕ್ಕ ಬ್ರೇಕ್ ಇಲ್ಲೇನು?" ಅಂತ ಕೇಳಿದ್ದಳು. ಟೈರಿಗೆ ಒತ್ತಿ ನಿಲ್ಲುವ ಒಂದು ಸರಳವಾದ ಕಾಲುಪಟ್ಟಿ ಸಾಕು. ಚಪ್ಪಟೆ ಪಟ್ಟಿ, ಒಂದು ಸ್ಪ್ರಿಂಗು. ಆದರೆ ಗಾಳಿ ಇಳಿಸಿದಾಗ ಟೈರಿನ ಎತ್ತರ ಬದಲಾಗುತ್ತದೆ, ಪಟ್ಟಿಗೆ ಎರಡು ಮೂರು ಹಂತ ಇರಬೇಕು. ಅದರ ಚಿತ್ರ ಬರೆದು ವೆಲ್ಡಿಂಗ್ ಶಾಪಿಗೆ ಕೊಟ್ಟಾಗಿದೆ.